ಭರತನ ಜಿಂಕೆಯಿಂದ ದರವೇಶಿಯ ಕರಡಿಯವರೆಗೆ

ಗಾಣಗಾಪುರದಲ್ಲಿ ಮಧ್ಯಾಹ್ನವಾಯಿತೆಂದರೆ ಓಣಿಗಳೆಲ್ಲ ಜೋಳಿಗೆಯವರಿಂದ ತುಂಬಿಹೋಗುತ್ತವೆ. ಹೊಟ್ಟೆಗಿಲ್ಲದವರು ಬೇಡುವುದು ಸರಿಯೆ. ಸ್ವಂತ ಮೋಟಾರಿನಲ್ಲಿ ಬಂದಿಳಿದ ಪುಣೆ ಸೋಲಾಪುರಗಳ ವ್ಯಾಪಾರಿಗಳು ಕೂಡ ಅಲ್ಲಿ ಐದು ಮನೆಗಳ ಮುಂದೆ ನಿಂತು ಭಿಕ್ಷೆ ಬೇಡುತ್ತಾರೆ. ಇದಕ್ಕೆ ಮಧುಕರಿ ಎಂದು ಹೆಸರು. ಒಂದೇ ಹೂವನ್ನು ಬರಿದು ಮಾಡದೆ ಹೂವಿನಿಂದ ಹೂವಿಗೆ ಹೋಗುವ ದುಂಬಿಯ ವೃತ್ತಿ ಅದು. ಆ ಹೊತ್ತಿನಲ್ಲಿ ದತ್ತಾತ್ರೇಯನು ತಾನೂ ಯಾವುದೋ ಒಂದು ರೂಪದಲ್ಲಿ ಭಿಕ್ಷೆಗೆ ಬರುತ್ತಾನೆಂದು ಜನರ ನಂಬಿಕೆ. ಯಾವ ರೂಪವೆಂದು ಯಾರೂ ಹೇಳಲಾರರು. ಆದುದರಿಂದ ಆ ಗಳಿಗೆಯಲ್ಲಿ ಹೊಸ್ತಿಲಿಗೆ ಬಂದ ನಾಯಿಯನ್ನು ಗದರಿಸುವುದಕ್ಕೂ ಭಕ್ತನಾದವನು ಹಿಂದುಮುಂದು ನೋಡುತ್ತಾನೆ. ಗುರುವಿನ ಚಿತ್ರಪಟದಲ್ಲಿ ಹೇಗಿದ್ದರೂ ನಾಲ್ಕು ನಾಯಿಗಳೂ ಒಂದು ಹಸುವೂ ಇದ್ದೇ ಇವೆ.

ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತನೊಬ್ಬ ಯದುರಾಜನಿಗೆ ತನ್ನ ಇಪ್ಪತ್ತನಾಲ್ಕು ಗುರುಗಳನ್ನು ಎಣಿಸಿ ಹೇಳುವ ಪ್ರಸಂಗವಿದೆ. ಆ ಅವಧೂತನೇ ದತ್ತಾತ್ರೇಯನೆಂದು ಸಂಪ್ರದಾಯ. ಅವನ ಗುರುಗಳಲ್ಲಿ ಕಾಡಿನ ಪ್ರಾಣಿಗಳು ಎಷ್ಟೊಂದು! ಹೆಬ್ಬಾವು, ಪಾರಿವಾಳ, ಆನೆ, ಜಿಂಕೆ, ಮೀನು, ದುಂಬಿ, ಜೇಡ. ಆದರೆ ಅವುಗಳ ಸ್ಥಿತಿಯನ್ನು ಸ್ವಲ್ಪ ನೋಡಿರಿ. ಪಾರಿವಾಳವು ಮರಿಗಳ ಮೋಹದಿಂದ ಬೇಡನ ಬಲೆಗೆ ತಾನಾಗಿ ಬೀಳುತ್ತದೆ. ಆನೆ ಹೆಣ್ಣಾನೆಯ ಆಸೆಯಿಂದ ಸೆರೆಯಾಗುತ್ತದೆ. ಜಿಂಕೆ ಹಾಡಿಗೆ ಮರುಳಾಗುತ್ತದೆ. ಮೀನು ಗಾಳಕ್ಕೆ ಸಿಗುತ್ತದೆ. ಅವಧೂತನು ಒಂದೊಂದರಿಂದಲೂ ಒಂದೊಂದು ಪಾಠವನ್ನು ಕಲಿತು ಮುಂದೆ ನಡೆಯುತ್ತಾನೆ. ಬಲೆಯನ್ನು ಬಿಡಿಸುವುದು ಆ ಕಥೆಯ ಕೆಲಸವಲ್ಲ, ಒಪ್ಪಿದೆ. ಆದರೂ ಗಾಣಗಾಪುರದ ಸಂಗಮದಲ್ಲಿ ಅಮರ್ಜೆಯು ಭೀಮೆಗೆ ಸೇರುವುದನ್ನು ನೋಡುತ್ತ ಕುಳಿತಾಗ ನನಗೆ ಒಂದು ಪ್ರಶ್ನೆ ಹುಟ್ಟಿತು. ಗಾಯಗೊಂಡ ಕಾಡುಪ್ರಾಣಿಗೆ ಮದ್ದು ಹಾಕಬೇಕು, ತಾಯಿ ಸತ್ತ ಮರಿಯನ್ನು ಸಾಕಬೇಕು ಎಂಬ ಬುದ್ಧಿ ನಮ್ಮ ನಾಡಿನಲ್ಲಿ ಯಾವಾಗ ಬಂತು? ಬಂದದ್ದು ಯಾವ ಪ್ರಾಣಿಯ ಪಾಲಿಗೆ?

ಉತ್ತರವನ್ನು ಹುಡುಕುವುದಕ್ಕೆ ನದಿಯ ಗುಂಟ ಕೆಳಗೆ ಹೋದರಾಯಿತು. ಗಾಣಗಾಪುರವನ್ನು ಬಿಟ್ಟ ಭೀಮೆ ಜೇವರ್ಗಿಯ ಸೀಮೆಯನ್ನು ಹಾದು ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಬರುತ್ತದೆ. ಅಲ್ಲಿ ಚಂದ್ರಲಾಂಬಾ ದೇವಿಯ ಗುಡಿ. 1986ರಲ್ಲಿ ಆ ಆವರಣದ ಕಾಳಿಯ ಗುಡಿಯ ಮಾಳಿಗೆ ಕುಸಿಯಿತು. ಕಲ್ಲುಮಣ್ಣು ತೆಗೆದು ನೋಡಿದಾಗ ದೇವಿಯ ವಿಗ್ರಹವನ್ನು ನಿಲ್ಲಿಸಿದ್ದ ಪೀಠದ ಕಲ್ಲೇ ಅಶೋಕನ ಶಾಸನವಾಗಿತ್ತು! ವಿಗ್ರಹವನ್ನು ಕೂರಿಸುವುದಕ್ಕೆಂದು ಯಾರೋ ನಡುವೆ ಕೊರೆದ ತೂತಿನಲ್ಲಿ ಕೆಲವು ಅಕ್ಷರಗಳು ಹೋಗಿಬಿಟ್ಟಿವೆ, ಉಳಿದವು ಸ್ಪಷ್ಟವಾಗಿವೆ. ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ಮುಂದೆ ಅಶೋಕನ ಹೆಸರನ್ನೇ ಕೊರೆದ ಶಿಲ್ಪವೂ ದೊರೆಯಿತು. 1915ರಲ್ಲಿ ಮಸ್ಕಿಯ ಬಂಡೆ ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದನ್ನು ತೋರಿಸಿಕೊಟ್ಟಿತ್ತು. ಅಂತೂ ಆ ಚಕ್ರವರ್ತಿಯ ಮಾತನ್ನು ಉಳಿಸಿಕೊಂಡ ಪುಣ್ಯದಲ್ಲಿ ನಮ್ಮ ಕಡೆಯ ಕಲ್ಲುಗಳಿಗೆ ದೊಡ್ಡ ಪಾಲಿದೆ.

ಸನ್ನತಿಯ ಕಲ್ಲಿನಲ್ಲಿ ಪ್ರಾಣಿಚಿಕಿತ್ಸೆಯ ಮಾತಿಲ್ಲ. ಅದು ಇರುವುದು ಗಿರ್ನಾರ್, ಕಾಲ್ಸಿ, ಎರ್ರಗುಡಿ ಮೊದಲಾದ ಕಡೆಗಳ ಎರಡನೆಯ ಬಂಡೆಶಾಸನದಲ್ಲಿ. ಮನುಷ್ಯರಿಗೊಂದು, ಪಶುಗಳಿಗೊಂದು ಹೀಗೆ ಎರಡು ಬಗೆಯ ಚಿಕಿತ್ಸೆಯನ್ನು ತನ್ನ ರಾಜ್ಯದಲ್ಲಿಯೂ ನೆರೆಯ ಚೋಳ ಪಾಂಡ್ಯರ ನಾಡುಗಳಲ್ಲಿಯೂ ಏರ್ಪಡಿಸಿದ್ದಾಗಿ ಅಶೋಕನು ಹೇಳಿಕೊಳ್ಳುತ್ತಾನೆ. ಮದ್ದಿನ ಗಿಡಗಳು ಇಲ್ಲದ ಕಡೆಗೆ ಅವನ್ನು ತರಿಸಿ ನೆಡಿಸಿದನಂತೆ; ದಾರಿಗಳಲ್ಲಿ ಬಾವಿ ತೋಡಿಸಿದನಂತೆ. ಇದನ್ನು ಓದಿ ಜಗತ್ತಿನ ಮೊದಲ ಪ್ರಾಣಿಗಳ ಆಸ್ಪತ್ರೆ ನಮ್ಮದೇ ಎಂದು ಭಾಷಣ ಮಾಡುವವರಿದ್ದಾರೆ. ಶಾಸನದಲ್ಲಿ ಆಸ್ಪತ್ರೆಯ ಮಾತಿಲ್ಲ, ಚಿಕಿತ್ಸೆಯ ಮಾತಿದೆ. ಪಶುವೆಂದರೆ ಸಾಮಾನ್ಯವಾಗಿ ಹಗ್ಗದಲ್ಲಿ ಕಟ್ಟಿದ ಪ್ರಾಣಿ. ಪಾಶಕ್ಕೂ ಪಶುವಿಗೂ ನಂಟು ಹೇಳುವವರುಂಟು.

ನನಗೆ ಅದಕ್ಕಿಂತ ಬೆರಗು ತರುವುದು ಅವನ ಐದನೆಯ ಸ್ತಂಭಶಾಸನ. ಪಟ್ಟವಾಗಿ 26 ವರ್ಷಗಳಾದ ಮೇಲೆ ಬರೆಸಿದ್ದು. ಕೊಲ್ಲಬಾರದ ಪ್ರಾಣಿಗಳ ಒಂದು ಪಟ್ಟಿ ಅಲ್ಲಿದೆ: ಗಿಳಿ, ಗೊರವಂಕ, ಚಕ್ರವಾಕ, ಬಾವಲಿ, ಆಮೆ, ಮುಳ್ಳುಹಂದಿ, ಅಳಿಲು ಹೀಗೆ ಎಣಿಸುತ್ತ ಹೋಗಿ, ಕೊನೆಗೆ ಮನುಷ್ಯನ ಬಳಕೆಗೂ ಬಾರದ, ತಿನ್ನುವುದಕ್ಕೂ ಆಗದ ಎಲ್ಲ ನಾಲ್ಕು ಕಾಲಿನ ಪ್ರಾಣಿಗಳು ಎಂದು ಸೇರಿಸಿಬಿಡುತ್ತಾನೆ. ಮರಿಗೆ ಹಾಲೂಡುತ್ತಿರುವ ಆಡು, ಕುರಿ, ಹಂದಿಗಳನ್ನು ಕೊಲ್ಲಬಾರದು. ಆರು ತಿಂಗಳೊಳಗಿನ ಮರಿಗಳನ್ನೂ ಕೊಲ್ಲಬಾರದು. ಜೀವಿಗಳನ್ನು ಸಾಯಿಸುವುದಕ್ಕಾಗಿ ಕಾಡಿಗೆ ಬೆಂಕಿಯಿಡಬಾರದು. ಉಪಯೋಗವುಳ್ಳ ಪ್ರಾಣಿಯನ್ನು ಕಾಪಾಡಿ ಎಂದು ಹೇಳುವುದಕ್ಕೆ ಚಕ್ರವರ್ತಿ ಬೇಕಾಗಿಲ್ಲ. ರೈತನಿಗೆ ಅದು ಗೊತ್ತು. ಉಪಯೋಗವಿಲ್ಲದ್ದನ್ನು ಕಾಪಾಡಿ ಎಂದು ಕಲ್ಲಿನಲ್ಲಿ ಬರೆಸಿದವನು ಇವನೊಬ್ಬ. ಆ ಆಜ್ಞೆಯನ್ನು ಎಷ್ಟು ಮಂದಿ ಪಾಲಿಸಿದರೋ, ಅದು ಬೇರೆಯ ಮಾತು.

ಮುಂದಿನ ಸಾವಿರದೈನೂರು ವರ್ಷಗಳಲ್ಲಿ ನಮ್ಮವರಿಗೆ ಪ್ರಾಣಿವೈದ್ಯ ತಿಳಿದಿರಲಿಲ್ಲವೆಂದಲ್ಲ. ಚೆನ್ನಾಗಿಯೇ ತಿಳಿದಿತ್ತು. ಗಂಗರ ಶಿವಮಾರನು ಆನೆಗಳನ್ನು ಕುರಿತು ಗಜಾಷ್ಟಕವನ್ನು ರಚಿಸಿದನೆಂದು ಕೇಳಿದ್ದೇವೆ; ಕೃತಿ ಸಿಕ್ಕಿಲ್ಲ. ಕಲ್ಯಾಣದ ಚಾಲುಕ್ಯರ ಮನೆತನದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದ ಆರಂಭದ ಸುಮಾರಿಗೆ ಕನ್ನಡದಲ್ಲಿ ಗೋವೈದ್ಯವನ್ನು ಬರೆದನು. ಅದೇ ವಂಶದ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ಸಂಸ್ಕೃತದಲ್ಲಿ ಮಾನಸೋಲ್ಲಾಸವೆಂಬ ನೂರು ಅಧ್ಯಾಯಗಳ ಮಹಾಗ್ರಂಥವನ್ನು ರಚಿಸಿದನು. ಸೈನ್ಯದ ಆನೆ ಕುದುರೆಗಳಿಗೆ ಜ್ವರ ಬಂದರೆ, ಗಾಯವಾದರೆ, ಹೊಟ್ಟೆ ಕೆಟ್ಟರೆ ಮಾಡಬೇಕಾದ ಉಪಚಾರ ಅದರಲ್ಲಿದೆ. ಅದೇ ಪುಸ್ತಕದ ಮತ್ತೊಂದು ಭಾಗದಲ್ಲಿ ಜಿಂಕೆಯನ್ನು ಮೋಸದಿಂದ ಹತ್ತಿರಕ್ಕೆ ಕರೆದು ಹೊಡೆಯುವ ಬಗೆಗಳ ವಿವರವೂ ಇದೆ. ಒಬ್ಬನೇ ದೊರೆ, ಒಂದೇ ಲೇಖನಿ. ಲಾಯದಲ್ಲಿ ನಿಂತ ಪ್ರಾಣಿಗೆ ಕಷಾಯ. ಅಡವಿಯಲ್ಲಿ ನಿಂತ ಪ್ರಾಣಿಗೆ ಬಾಣ. ಗಜಶಾಸ್ತ್ರ, ಅಶ್ವಶಾಸ್ತ್ರ, ಗೋವೈದ್ಯ ಎಲ್ಲವೂ ಇವೆ. ಕರಡಿವೈದ್ಯವನ್ನು ಯಾರೂ ಬರೆಯಲಿಲ್ಲ.

ಈ ನಡುವೆ ಆತಕೂರಿನ ಕಲ್ಲನ್ನು ನೆನೆಯದೆ ಮುಂದೆ ಹೋಗಲಾರೆ. ನಮ್ಮ ಮಳಖೇಡದಿಂದ ರಾಷ್ಟ್ರಕೂಟರ ಮೂರನೆಯ ಕೃಷ್ಣನು ಆಳುತ್ತಿದ್ದ ಕಾಲ. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯನನ್ನು ಕೊಂದ ಗಂಗರ ಬೂತುಗನು ತನ್ನ ಕಡೆಯ ವೀರ ಮಣಲೇರನಿಗೆ ಏನು ಬೇಕೋ ಕೇಳು ಎಂದನು. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಒಡೆಯನ ಬೇಟೆನಾಯಿ ಕಾಳಿಯನ್ನು ಕೇಳಿದನು. ಕೆಳಲೆನಾಡಿನ ಒಂದು ಗುಡ್ಡದಲ್ಲಿ ಆ ನಾಯಿಯನ್ನು ದೊಡ್ಡದೊಂದು ಕಾಡುಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಹೋರಾಡಿ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ನಾಯಿಗಾಗಿ ಕಲ್ಲು ನಿಂತಿತು. ಅದರ ಪೂಜೆಗೆ ಭೂಮಿಯನ್ನು ಬಿಟ್ಟರು. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪ ತಟ್ಟಲಿ ಎಂದು ಬರೆಸಿದರು. ಶಕವರ್ಷ 872, ಎಂದರೆ ಕ್ರಿ.ಶ. 949-50. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಬ್ಬನ್ ಪಾರ್ಕಿಗೆ ಹೋದವರು ಹತ್ತು ನಿಮಿಷ ಬಿಡುವು ಮಾಡಿಕೊಂಡು ನೋಡಬಹುದು. ನಾಯಿಯ ಮೇಲಿನ ಪ್ರೀತಿಗೆ ಇಂಥ ಸ್ಮಾರಕ ಬೇರೆಡೆ ಅಪರೂಪ. ಶಿಲ್ಪಿ ಹಂದಿಯನ್ನೂ ಕೆತ್ತಿದ್ದಾನೆ. ಎರಡು ಪ್ರಾಣಿಗಳೂ ಎದುರುಬದುರಾಗಿ ಮಲೆತು ನಿಂತಿವೆ. ಭೂಮಿ ಮಾತ್ರ ನಾಯಿಗೆ ಸಂದಿತು.

ಹಾಗಾದರೆ ಕಾಡುಪ್ರಾಣಿಯ ಗಾಯವನ್ನು ಯಾರೂ ತೊಳೆಯಲಿಲ್ಲವೆ? ತೊಳೆದವರುಂಟು, ಆಶ್ರಮಗಳಲ್ಲಿ. ಕಾಳಿದಾಸನ ಶಕುಂತಲೆ ದರ್ಭೆಯ ಮೊನೆಯಿಂದ ಬಾಯಿ ಗಾಯವಾದ ಜಿಂಕೆಮರಿಗೆ ಇಂಗುದಿಯ ಎಣ್ಣೆ ಹಚ್ಚಿ, ಹಿಡಿಹಿಡಿ ಧಾನ್ಯ ತಿನ್ನಿಸಿ ಬೆಳೆಸಿದವಳು. ಅವಳು ಗಂಡನ ಮನೆಗೆ ಹೊರಟಾಗ ಸೆರಗು ಹಿಡಿದು ಎಳೆಯುವುದು ಅದೇ ಜಿಂಕೆ. ನಾಟಕವನ್ನು ನೋಡಿದವರೆಲ್ಲ ಅಲ್ಲಿ ಕಣ್ಣೊರೆಸಿಕೊಂಡಿದ್ದಾರೆ. ಶಕುಂತಲೆ ಹೋದ ಮೇಲೆ ಆ ಜಿಂಕೆ ಏನಾಯಿತೆಂದು ಕೇಳಿದವರನ್ನು ನಾನು ಕಾಣೆ.

ಇದಕ್ಕಿಂತ ಗಹನವಾದದ್ದು ಭರತನ ಕಥೆ. ಹರಿಕಥೆಗಳಲ್ಲಿ ಜಡಭರತನ ವೃತ್ತಾಂತವನ್ನು ಕೇಳದ ಹಿರಿಯರು ನಮ್ಮಲ್ಲಿ ಕಡಮೆ. ರಾಜ್ಯವನ್ನು ತ್ಯಜಿಸಿ ಗಂಡಕಿಯ ತೀರದಲ್ಲಿ ತಪಸ್ಸಿಗೆ ಕುಳಿತ ಭರತನ ಕಣ್ಣೆದುರಿಗೆ ಬಸುರಿ ಜಿಂಕೆಯೊಂದು ನೀರಿಗೆ ಬರುತ್ತದೆ. ಸಿಂಹದ ಗರ್ಜನೆಗೆ ಬೆದರಿ ಹೊಳೆಯನ್ನು ಹಾರುವಾಗ ಅದರ ಗರ್ಭ ಜಾರಿ ಮರಿ ನೀರಿಗೆ ಬೀಳುತ್ತದೆ; ತಾಯಿ ಸಾಯುತ್ತದೆ. ಭರತನು ಆ ಮರಿಯನ್ನು ಎತ್ತಿಕೊಂಡು ಸಾಕುತ್ತಾನೆ. ಹುಲ್ಲು ತಂದು ಹಾಕುತ್ತಾನೆ. ತೋಳ ಬಂದೀತೆಂದು ಕಾಯುತ್ತಾನೆ. ಹೆಗಲ ಮೇಲೆ ಹೊತ್ತು ತಿರುಗುತ್ತಾನೆ. ಕ್ಷಣ ಕಾಣದಿದ್ದರೆ ಜಪ ನಿಲ್ಲುತ್ತದೆ. ಕೊನೆಯುಸಿರಿನಲ್ಲಿಯೂ ಪಕ್ಕದಲ್ಲಿ ಕುಳಿತ ಜಿಂಕೆಯನ್ನೇ ನೋಡುತ್ತ ಪ್ರಾಣ ಬಿಟ್ಟು, ಮರುಜನ್ಮದಲ್ಲಿ ತಾನೇ ಜಿಂಕೆಯಾಗಿ ಹುಟ್ಟುತ್ತಾನೆ. ಹರಿದಾಸರು ಇದನ್ನು ಮೋಹದ ಕೇಡೆಂದು ಹೇಳಿ ಮುಗಿಸುತ್ತಾರೆ. ಆದರೆ ಮರಿಯನ್ನು ನೀರಿನಿಂದ ಎತ್ತಿದ್ದು ತಪ್ಪೆಂದು ಪುರಾಣಕಾರನು ಹೇಳುವುದಿಲ್ಲ. ಶರಣು ಬಂದ ಪ್ರಾಣಿಯನ್ನು ಕೈಬಿಡಬಾರದೆಂದು ಭರತನ ಬಾಯಿಂದಲೇ ಆಡಿಸುತ್ತಾನೆ. ಕಾಲು ಬಲಿತು ಅಡವಿಯ ಹುಲ್ಲನ್ನು ತಾನೇ ಮೇಯಬಲ್ಲ ಜಿಂಕೆ ಅಡವಿಗೆ ಹೋಗದೆ ಮುದುಕನ ಪಕ್ಕದಲ್ಲೇ ಉಳಿಯಿತಲ್ಲ, ತೊಡಕು ಬಂದದ್ದು ಅಲ್ಲಿ.

ಬೆಂಗಳೂರಿನ ಬೇಟೆಗಾರ, ಬರಹಗಾರ ಕೆನೆತ್ ಆಂಡರ್ಸನ್ ತಮ್ಮ ಮನೆಯ ಕರಡಿಯೊಂದರ ವಿಷಯ ಬರೆದಿದ್ದಾರೆ. ಅದು ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಪಾಠವಾಗಿ ಬಹುಕಾಲ ಇತ್ತು. ಮೈಸೂರಿನ ಹತ್ತಿರದ ಕಬ್ಬಿನ ಗದ್ದೆಗಳಿಂದ ಹೊರಬರುತ್ತಿದ್ದ ಕರಡಿಯನ್ನು ಜೊತೆಯವನೊಬ್ಬ ಕಾರಣವಿಲ್ಲದೆ ಗುಂಡಿಟ್ಟು ಕೊಂದನು. ಸತ್ತ ತಾಯಿಯ ಬೆನ್ನಿನ ಮೇಲೆ ಮರಿ ಇನ್ನೂ ಕುಳಿತೇ ಇತ್ತು. ಆಂಡರ್ಸನ್ ಅದನ್ನು ಗೋಣಿಚೀಲದಲ್ಲಿ ಹಿಡಿದು ತಂದು ಹೆಂಡತಿಗೆ ಕೊಟ್ಟರು. ಬ್ರೂನೋ ಎಂದು ಹೆಸರಾಯಿತು. ಇಲಿಗೆಂದು ಇಟ್ಟಿದ್ದ ವಿಷವನ್ನು ತಿಂದು ಅದು ಕೈಕಾಲು ಸೋತು ಬಿದ್ದಾಗ ಪಶುವೈದ್ಯರು ಸೂಜಿಮದ್ದು ಕೊಟ್ಟು ಬದುಕಿಸಿದರು. ಬೆಳೆದ ಮೇಲೆ ಮೈಸೂರಿನ ಮೃಗಾಲಯಕ್ಕೆ ಕಳಿಸಿದರೆ ಅನ್ನ ಬಿಟ್ಟು ಸೊರಗಿತು; ಇತ್ತ ಮನೆಯಾಕೆಯೂ ಸೊರಗಿದರು. ಕೊನೆಗೆ ಮರಳಿ ತಂದು, ಅಂಗಳದಲ್ಲಿ ಸುತ್ತ ಕಂದಕ ತೋಡಿ ನಡುವೆ ಒಂದು ದ್ವೀಪ ಮಾಡಿ ಅದರಲ್ಲಿ ಇರಿಸಿದರು. ಆಕೆ ಅಲ್ಲಿಗೆ ಹೋಗಿ ಅದರೊಡನೆ ಕುಳಿತುಕೊಳ್ಳುತ್ತಿದ್ದರಂತೆ. ಪ್ರೀತಿಯ ಕಥೆಯೆಂದು ಮಕ್ಕಳು ಓದಿದರು. ನಿಜಕ್ಕೂ ಪ್ರೀತಿಯ ಕಥೆಯೇ. ಗಂಡಕಿಯ ತೀರದ್ದು ಬೆಂಗಳೂರಿನ ಬಂಗಲೆಯಲ್ಲಿ ಮತ್ತೊಮ್ಮೆ ನಡೆದಂತಾಯಿತು, ಅಷ್ಟೆ.

ಬ್ರೂನೋ ತಾಯಿಯ ಬೆನ್ನಿನ ಮೇಲಿದ್ದದ್ದು ಆಕಸ್ಮಿಕವಲ್ಲ. ನಮ್ಮ ನಾಡಕರಡಿಯ ವಿಶೇಷವೇ ಅದು. ಮರಿಗಳು ಮೊದಲ ತಿಂಗಳುಗಳಲ್ಲಿ ತಾಯಿಯ ಬೆನ್ನಿನ ಜೂಲನ್ನು ಹಿಡಿದು ಸವಾರಿ ಮಾಡುತ್ತವೆ; ಎರಡು ವರ್ಷಕ್ಕೂ ಮೇಲೆ ಅವಳ ಜೊತೆಗೇ ತಿರುಗುತ್ತವೆ. ಯಾವ ಹುತ್ತದಲ್ಲಿ ಗೆದ್ದಲಿದೆ, ಹೇಗೆ ಬಗೆಯಬೇಕು, ಉಸಿರೆಳೆದು ಗೆದ್ದಲನ್ನು ಹೇಗೆ ಹೀರಬೇಕು ಎಂಬುದೆಲ್ಲ ಅವಳಿಂದ ಬಂದ ವಿದ್ಯೆ. ಹೀರುವುದಕ್ಕೆ ಅನುಕೂಲವಾಗಲೆಂದೋ ಎಂಬಂತೆ ಮೇಲಿನ ಎರಡು ಮುಂಬಲ್ಲುಗಳೇ ಇದಕ್ಕಿಲ್ಲ. ಉದ್ದ ಉಗುರುಗಳನ್ನು ನೋಡಿ 1791ರಲ್ಲಿ ಷಾ ಎಂಬ ಆಂಗ್ಲ ಪಂಡಿತನು ಇದನ್ನು ಕರಡಿಯೇ ಅಲ್ಲ, ದಕ್ಷಿಣ ಅಮೆರಿಕದ ಸೋಮಾರಿ ಪ್ರಾಣಿಯ ಸಂಬಂಧಿಯೆಂದು ಬರೆದುಬಿಟ್ಟನು. ಇಂಗ್ಲಿಷಿನಲ್ಲಿ ಅದರ ಹೆಸರಿಗೆ ಸೋಮಾರಿತನ ಇಂದಿಗೂ ಅಂಟಿಕೊಂಡಿದೆ. ಕಲ್ಲಿನಂಥ ಹುತ್ತವನ್ನು ರಾತ್ರಿಯಿಡೀ ಅಗೆಯುವ ಪ್ರಾಣಿಗೆ ಸಂದ ಬಿರುದು ಇದು!

ಬೆನ್ನೇರಿದ ಈ ಮರಿಯ ಮೇಲೆಯೇ ಒಂದು ಜೀವನೋಪಾಯ ನಿಂತಿತ್ತು. ಕರಡಿ ಆಡಿಸುವವರಿಗೆ ಉತ್ತರ ದೇಶದಲ್ಲಿ ಖಲಂದರರೆಂದು ಹೆಸರು. ನಮ್ಮ ಕಡೆ ದರವೇಶಿಗಳು. ಎರಡೂ ಹೆಸರುಗಳು ಅಲೆಮಾರಿ ಸೂಫಿ ಫಕೀರರಿಂದ ಬಂದವು. ಊರಿಗೆ ದರವೇಶಿ ಬಂದನೆಂದರೆ ಹುಡುಗರಿಗೆ ಹಬ್ಬ. ನಾನು ಚಿಕ್ಕವನಾಗಿದ್ದಾಗ ನಮ್ಮ ಓಣಿಗೆ ಬಂದ ಒಬ್ಬನು ನನಗೆ ಚೆನ್ನಾಗಿ ನೆನಪಿದ್ದಾನೆ. ಕೈಯಲ್ಲಿ ಡಮರುಗ, ಹೆಗಲಿಗೆ ಜೋಳಿಗೆ, ಹಗ್ಗದ ತುದಿಗೆ ಕರಡಿ. ನನ್ನ ಅಜ್ಜಿ ಸೇರು ಜೋಳ ತಂದು ಅವನ ಜೋಳಿಗೆಗೆ ಸುರುವಿ, “ಈ ಹುಡುಗ ರಾತ್ರಿ ಅಂಜಿ ಚೀರತಾನಪ್ಪಾ” ಎಂದಳು. ಅವನು ನನ್ನನ್ನೆತ್ತಿ ಕರಡಿಯ ಬೆನ್ನಿನ ಮೇಲೆ ಕೂರಿಸಿದನು. “ಇನ್ನ ಅಂಜಂಗಿಲ್ಲ ಬಿಡ್ರಿ ಯವ್ವಾ” ಎಂದು ನಾಲ್ಕು ಕೂದಲು ಕಿತ್ತು ಕೊಟ್ಟನು. ಅವು ತಾಯಿತದಲ್ಲಿ ಸೇರಿ ಬಹಳ ದಿನ ನನ್ನ ಕೊರಳಲ್ಲಿದ್ದವು. ಕೂದಲು ಕಿತ್ತಾಗ ಕರಡಿ ಅಲುಗಲಿಲ್ಲ. ಅದರ ಮೂತಿಯ ಮೇಲ್ಭಾಗದಲ್ಲಿ ಹಗ್ಗ ಒಳಗೆ ಹೋಗಿ ಇನ್ನೊಂದು ಕಡೆ ಹೊರಬಂದಿದ್ದನ್ನು ಮಾತ್ರ ನಾನು ಮೇಲಿನಿಂದ ನೋಡಿದ್ದೆ.

ಆ ಹಗ್ಗದ ಹಿಂದಿನ ಕೆಲಸವನ್ನು ಆಮೇಲೆ ತಿಳಿದುಕೊಂಡೆ. ತಾಯಿಯನ್ನು ಕೊಂದು ಅಥವಾ ಗವಿಯಿಂದ ಬೆದರಿಸಿ ಓಡಿಸಿ ಮರಿಯನ್ನು ತರುತ್ತಾರೆ. ಕೆಂಪಗೆ ಕಾಯಿಸಿದ ಸಲಾಕೆಯಿಂದ ಮೂತಿಗೆ ತೂತು ಹಾಕಿ ಹಗ್ಗ ಪೋಣಿಸುತ್ತಾರೆ. ಕೋರೆಹಲ್ಲುಗಳನ್ನು ಮುರಿಯುತ್ತಾರೆ. ಹಗ್ಗವನ್ನು ಜಗ್ಗಿದರೆ ನೋವಾಗುತ್ತದೆ. ನೋವಾಗದಂತೆ ಕರಡಿ ಹಿಂದಿನ ಕಾಲಿನ ಮೇಲೆ ಏಳುತ್ತದೆ. ಅದಕ್ಕೆ ನಾವು ಕುಣಿತವೆಂದು ಹೆಸರಿಟ್ಟು ಕಾಸು ಕೊಟ್ಟೆವು. ಹಾಗೆಂದು ದರವೇಶಿಯೊಬ್ಬನನ್ನೇ ಕಟಕಟೆಗೆ ನಿಲ್ಲಿಸುವುದು ನನಗೆ ನ್ಯಾಯವೆನಿಸುವುದಿಲ್ಲ. ಅವನ ಹೆಂಡತಿ ಮಕ್ಕಳ ಹೊಟ್ಟೆ ಆ ಹಗ್ಗಕ್ಕೇ ಕಟ್ಟಿತ್ತು. ಜೋಳ ಹಾಕಿದವರು ನಾವು. ತಾಯಿತ ಕಟ್ಟಿಸಿಕೊಂಡವರು ನಾವು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆಯೂ ಕರಡಿಯಾಟ ಬಹುಕಾಲ ನಡೆದೇ ಇತ್ತು. 1998ರಲ್ಲಿ ಕೇಂದ್ರ ಸರ್ಕಾರವು ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ಪಳಗಿಸಬಾರದೆಂದು ಅಧಿಸೂಚನೆ ಹೊರಡಿಸಿತು. ಸರ್ಕಸ್ಸಿನವರು ತಕರಾರು ಹೂಡಿದರು. 2001ರಲ್ಲಿ ಸುಪ್ರೀಂ ಕೋರ್ಟು ಅಧಿಸೂಚನೆಯನ್ನು ಎತ್ತಿಹಿಡಿಯಿತು. ಕಾನೂನಾಯಿತು, ಸರಿ. ಹಿಡಿದುಕೊಂಡ ಕರಡಿಯನ್ನು ಇಡುವುದೆಲ್ಲಿ? ಕರಡಿ ಕಳೆದುಕೊಂಡವನು ಉಣ್ಣುವುದೇನನ್ನು? ಈ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿಕೊಂಡವರು 1995ರಲ್ಲಿ ಕಾರ್ತಿಕ್ ಸತ್ಯನಾರಾಯಣ್ ಮತ್ತು ಗೀತಾ ಶೇಷಮಣಿಯವರು ಸ್ಥಾಪಿಸಿದ ವೈಲ್ಡ್‌ಲೈಫ್ ಎಸ್.ಒ.ಎಸ್. ಸಂಸ್ಥೆಯವರು. ಆಗ್ರಾದಲ್ಲಿ ಮೊದಲು, 2005ರಲ್ಲಿ ನಮ್ಮ ಬನ್ನೇರುಘಟ್ಟದಲ್ಲಿ, ಸರ್ಕಾರದ ಸಹಕಾರದಿಂದ ಕರಡಿಗಳ ಆಶ್ರಯಧಾಮಗಳು ಎದ್ದವು. ಕರಡಿಯನ್ನು ಒಪ್ಪಿಸಿ, ಮತ್ತೆ ಆ ಕಸುಬಿಗೆ ಹೋಗುವುದಿಲ್ಲವೆಂದು ಬರೆದುಕೊಟ್ಟ ಕುಟುಂಬಕ್ಕೆ ಆಟೋರಿಕ್ಷಾವನ್ನೋ ಸಣ್ಣ ಅಂಗಡಿಯನ್ನೋ ಇಟ್ಟುಕೊಳ್ಳುವಷ್ಟು ಬಂಡವಾಳ, ಹೆಂಗಸರಿಗೆ ಹೊಲಿಗೆ ಮುಂತಾದ ಕೆಲಸ, ಮಕ್ಕಳಿಗೆ ಶಾಲೆ. ದೇಶದಲ್ಲಿ ಹೀಗೆ ಆರುನೂರಕ್ಕೂ ಹೆಚ್ಚು ಕರಡಿಗಳು ಬಿಡುಗಡೆ ಹೊಂದಿದವು. 2009ರ ಡಿಸೆಂಬರಿನಲ್ಲಿ ರಾಜು ಎಂಬ ಕರಡಿಯ ಹಗ್ಗವನ್ನು ಕತ್ತರಿಸಿ ಬನ್ನೇರುಘಟ್ಟಕ್ಕೆ ತಂದಾಗ, ಭಾರತದ ಬೀದಿಗಳ ಕೊನೆಯ ಕುಣಿವ ಕರಡಿ ಅದೆಂದು ಪತ್ರಿಕೆಗಳು ಬರೆದವು. ಶತಮಾನಗಳ ವೃತ್ತಿಯೊಂದು ನಮ್ಮ ರಾಜಧಾನಿಯ ಅಂಚಿನಲ್ಲಿ ಹೀಗೆ ಮುಗಿಯಿತು.

ಬಂದ ಕರಡಿಗಳ ಸ್ಥಿತಿ ಹೇಗಿತ್ತೆಂಬುದನ್ನು ಹೇಳಬೇಕು. ಕೆಲವಕ್ಕೆ ಕಣ್ಣು ಹೋಗಿತ್ತು. ಹಲ್ಲಿನ ಬೇರುಗಳು ಕೀತಿದ್ದವು. ಹಲವು ಮನುಷ್ಯರಿಂದಲೇ ಹತ್ತಿದ ಕ್ಷಯದಿಂದ ಸತ್ತವು. ಉಳಿದವು ಅಂಬಲಿ, ಹಣ್ಣು, ಖರ್ಜೂರ ತಿಂದು ಮೈದುಂಬಿದವು. ಆರೈಕೆ ಮಾಡುವವರು ಜೇನುತುಪ್ಪವನ್ನು ತಟ್ಟೆಯಲ್ಲಿ ಹಾಕಿ ಕೊಡುವುದಿಲ್ಲ. ಟೊಳ್ಳು ದಿಮ್ಮಿಯ ಒಳಗೆ, ಎತ್ತರದಲ್ಲಿ ಬಚ್ಚಿಡುತ್ತಾರೆ. ಕರಡಿ ಹತ್ತಬೇಕು, ಹುಡುಕಬೇಕು, ನಾಲಿಗೆ ಚಾಚಬೇಕು. ಎಷ್ಟೋ ಕರಡಿಗಳಿಗೆ ಮರ ಹತ್ತುವುದೇ ಮರೆತಿತ್ತು. ಹಗ್ಗ ಹೋಗಿ ವರ್ಷಗಳಾದರೂ ಡಮರುಗ ಕೇಳುತ್ತಿದೆಯೋ ಎಂಬಂತೆ ನಿಂತಲ್ಲೇ ಅತ್ತಿತ್ತ ಓಲಾಡುವವೂ ಇದ್ದವು. ಇವನ್ನು ಕಾಡಿಗೆ ಬಿಡುವ ಹಾಗಿಲ್ಲ. ಕೋರೆಯಿಲ್ಲದ, ಮನುಷ್ಯನ ಭಯವಿಲ್ಲದ, ತಾಯಿ ಕಲಿಸಬೇಕಾದ್ದನ್ನು ಕಲಿಯದ ಕರಡಿ ಅಡವಿಯಲ್ಲಿ ಬಾಳಲಾರದು. ದರೋಜಿಯ ಬಿಳಿಕಲ್ಲು ಗುಡ್ಡಗಳಲ್ಲಿ 1994ರಲ್ಲಿಯೇ ಕರಡಿಗಳಿಗಾಗಿ ಅಭಯಧಾಮ ಆಯಿತು. ಆದರೆ ಅದು ಅಲ್ಲಿಯೇ ಹುಟ್ಟಿದವುಗಳ ಮನೆ. ಸಂಜೆ ಬಂಡೆಯ ಮೇಲಿಂದ ಮರಿಗಳನ್ನು ಹೊತ್ತು ಇಳಿಯುವ ತಾಯಂದಿರನ್ನು ಅಲ್ಲಿ ನೋಡಬೇಕು. ಬನ್ನೇರುಘಟ್ಟದವಕ್ಕೆ ಬೇಲಿಯ ಒಳಗಿನ ಕಾಡೇ ಕೊನೆಯವರೆಗೆ ಕ್ಷೇಮ.

ದಯೆಗೂ ಒಂದೊಂದು ಗೆರೆ ಇರುತ್ತದೆಂಬುದಕ್ಕೆ ದೆಹಲಿಯ ಲಾಲ್ ಮಂದಿರದ ಜೈನ ಪಕ್ಷಿ ಆಸ್ಪತ್ರೆಯನ್ನು ನೆನೆಯಬಹುದು. ಅಲ್ಲಿ ಪಾರಿವಾಳ ಗಿಳಿಗಳು ಒಳರೋಗಿಗಳು. ಮಾಂಸ ತಿನ್ನುವ ಹದ್ದು ಬಂದರೆ ಹೊರಗೇ ಮದ್ದು ಹಾಕಿ ಕಳಿಸುವುದು ಪದ್ಧತಿ. ಅವರ ವ್ರತ ಅವರಿಗೆ, ನಗುವ ವಿಷಯವಲ್ಲ. ಆದರೆ ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಸೀಳಿಸಿಕೊಳ್ಳುವುದರಲ್ಲಿ ಹದ್ದೇ ಮೊದಲು. ಬೆಂಗಳೂರಿನ ಕೆಂಗೇರಿಯ ಕಡೆ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯವರು ನಡೆಸುವ ವನ್ಯಜೀವಿ ಆಸ್ಪತ್ರೆಯಲ್ಲಿ ಹದ್ದಿಗೂ ಹಾವಿಗೂ ಜಾಗವಿದೆ. ಬಳಕೆಗೂ ಬಾರದ, ತಿನ್ನುವುದಕ್ಕೂ ಆಗದ ಪ್ರಾಣಿಯ ಆ ಹಳೆಯ ಪಟ್ಟಿ ಕಲ್ಲಿನಿಂದಿಳಿದು ಆಸ್ಪತ್ರೆಯ ದಾಖಲೆಯ ಪುಸ್ತಕಕ್ಕೆ ಬರುವುದಕ್ಕೆ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಹಿಡಿಯಿತು.

ಇನ್ನು ನದಿಯ ಗುಂಟ ಮೇಲಕ್ಕೆ ಹೋಗೋಣ. ಗಾಣಗಾಪುರಕ್ಕೆ ಬರುವ ಭೀಮೆಯ ನೀರಿನಲ್ಲಿ ಪುಣೆ ಜಿಲ್ಲೆಯ ಜುನ್ನರದ ನೀರೂ ಇದೆ. ಅಲ್ಲಿಯ ಕುಕಡಿ ಹೊಳೆ ಘೋಡ್ ನದಿಗೆ, ಘೋಡ್ ಭೀಮೆಗೆ ಸೇರುತ್ತವೆ. ಅಣೆಕಟ್ಟುಗಳು ಬಂದು ಜುನ್ನರದ ಬಯಲೆಲ್ಲ ಕಬ್ಬಾಯಿತು. ಆಳೆತ್ತರದ ಕಬ್ಬು ಚಿರತೆಗೆ ಕಾಡಿನಂತೆಯೇ ಕಂಡಿತು. ಅದರೊಳಗೇ ಮರಿ ಹಾಕತೊಡಗಿತು. 2001ರಿಂದಾಚೆಗೆ ಅಲ್ಲಿ ಚಿರತೆಗಳನ್ನು ಹಿಡಿದು ಹಿಡಿದು ದೂರದ ಅಡವಿಗಳಿಗೆ ಒಯ್ದು ಬಿಟ್ಟರು. ಮನುಷ್ಯರಿಗೂ ಕ್ಷೇಮ, ಚಿರತೆಗೂ ಕಾಡು ಸಿಕ್ಕಿತು ಎಂದುಕೊಂಡರು. ವಿದ್ಯಾ ಆತ್ರೇಯ ಮತ್ತು ಅವರ ಜೊತೆಯವರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಲೆಕ್ಕ ಬೇರೆ. ಮೊದಲು ವರ್ಷಕ್ಕೆ ಸರಾಸರಿ 4 ಮಂದಿಯ ಮೇಲೆ ಬೀಳುತ್ತಿದ್ದ ಚಿರತೆಗಳು ಈ ಸಾಗಣೆಯ ನಂತರ 17 ಮಂದಿಯ ಮೇಲೆ ಬಿದ್ದವು. ಗುರುತಿಲ್ಲದ ನೆಲದಲ್ಲಿ ಇಳಿದ ಪ್ರಾಣಿ ಗಾಬರಿಯಿಂದ ಅಲೆಯುತ್ತದೆ. ಕಾಡಿಗೆ ಕಳಿಸುವುದೆಂದರೆ ಅದರ ಕಾಡಿಗೆ ಕಳಿಸುವುದು. ಯಾವುದೋ ಒಂದು ಕಾಡಿಗಲ್ಲ. ಹೀಗೆ ಹಿಡಿದವುಗಳಲ್ಲಿ ಬಿಡಲಾಗದೆ ಉಳಿದವುಗಳಿಗೆ ಜುನ್ನರದ ಮಾಣಿಕಡೋಹದಲ್ಲಿ ಆಶ್ರಯಕೇಂದ್ರವಿದೆ. ಬೋನಿನ ಕಂಬಿಗೆ ಹಲ್ಲು ಮುರಿದುಕೊಂಡವು, ಬಾವಿಗೆ ಬಿದ್ದವು, ಕಾಲು ಕಳೆದುಕೊಂಡವು ಅಲ್ಲಿವೆ.

ಮರಿಗಳ ವಿಷಯದಲ್ಲಿ ಮಾತ್ರ ಜುನ್ನರದವರು ಹೊಸದೊಂದು ರೀತಿಯನ್ನು ರೂಢಿಗೆ ತಂದಿದ್ದಾರೆ. ಕಬ್ಬು ಕಡಿಯುವ ಟೋಳಿಯವರಿಗೆ ಸಾಲಿನ ನಡುವೆ ಕಣ್ಣು ತೆರೆಯದ ಮರಿಗಳು ಸಿಗುತ್ತವೆ. ತಾಯಿ ಇಲ್ಲ. ಅನಾಥವೆಂದು ಕನಿಕರಪಟ್ಟು ಹಿಂದೆ ಎತ್ತಿಕೊಂಡು ಹೋಗುತ್ತಿದ್ದರು, ಹಾಲು ಕುಡಿಸುತ್ತಿದ್ದರು, ಮರಿ ಬದುಕಿದರೆ ಪಂಜರದ ಪ್ರಾಣಿಯಾಗುತ್ತಿತ್ತು. ನಿಜವೆಂದರೆ ಅದು ಅನಾಥವಲ್ಲ. ತಾಯಿ ಜನರ ಗದ್ದಲಕ್ಕೆ ಅಂಜಿ ಪಕ್ಕದ ಹೊಲದಲ್ಲಿ ಅವಿತಿರುತ್ತದೆ, ಇಲ್ಲವೆ ಬೇಟೆಗೆ ಹೋಗಿರುತ್ತದೆ. ಭೀಮೆಯ ದಂಡೆಯ ನಮ್ಮ ಅಫಜಲಪುರ ತಾಲ್ಲೂಕಿನಲ್ಲಿಯೂ ಕಬ್ಬಿನ ಬೆಳೆಗೆ ಕೊರತೆಯಿಲ್ಲ. ಕಡಿಯುವಾಗ ಸಿಕ್ಕ ಕಾಡುಬೆಕ್ಕಿನ ಮರಿಗಳನ್ನೇ ಚಿರತೆಯ ಮರಿಗಳೆಂದು ಊರೆಲ್ಲ ಸುದ್ದಿಯಾಗುವುದು ಕಬ್ಬಿನ ಸೀಮೆಗಳಲ್ಲಿ ಮಾಮೂಲು.

ಈಗ ಜುನ್ನರದಲ್ಲಿ ಮರಿ ಸಿಕ್ಕಿತೆಂದರೆ ಅರಣ್ಯದವರಿಗೆ ಹೇಳಿಕಳಿಸುತ್ತಾರೆ. ವೈದ್ಯರು ಬಂದು ಮೈಯೆಲ್ಲ ನೋಡಿ, ಉಣ್ಣೆ ತೆಗೆದು, ಗಾಯವಿದ್ದರೆ ಮದ್ದು ಹಾಕಿ, ಗುರುತಿನ ಚಿಪ್ಪನ್ನು ಚರ್ಮದೊಳಗೆ ಸೇರಿಸುತ್ತಾರೆ. ಆದಷ್ಟು ಕಡಮೆ ಮುಟ್ಟುತ್ತಾರೆ. ಮುದ್ದಿಗೆ ಅಲ್ಲಿ ಆಸ್ಪದವಿಲ್ಲ. ಹೊತ್ತು ಮುಳುಗುವಾಗ ಮರಿ ಸಿಕ್ಕ ಜಾಗದಲ್ಲಿಯೇ ಒಂದು ಪೆಟ್ಟಿಗೆಯಲ್ಲಿ ಅದನ್ನಿಟ್ಟು, ಪಕ್ಕದಲ್ಲಿ ತಾನೇ ಚಿತ್ರ ತೆಗೆಯುವ ಕ್ಯಾಮೆರಾವನ್ನು ಕಟ್ಟಿ, ಎಲ್ಲರೂ ದೂರ ಹೋಗುತ್ತಾರೆ. ಕತ್ತಲಾದ ಮೇಲೆ ತಾಯಿ ಬರುತ್ತದೆ. ಸುತ್ತ ಮೂಸಿ ನೋಡಿ, ಪೆಟ್ಟಿಗೆಯನ್ನು ಪಂಜದಿಂದ ಉರುಳಿಸಿ, ಮರಿಯ ಕುತ್ತಿಗೆಯನ್ನು ಬಾಯಲ್ಲಿ ಹಿಡಿದು ಹೋಗುತ್ತದೆ. ಮರಿಗಳು ಮೂರಿದ್ದರೆ ಮೂರು ಸಲ ಬರುತ್ತದೆ. ಒಂದೊಂದು ಸಲ ಮೊದಲನೆಯ ರಾತ್ರಿ ಬರುವುದೇ ಇಲ್ಲ. ಆಗ ಬೆಳಗಿನಲ್ಲಿ ಮರಿಗೆ ಅಷ್ಟು ಹಾಲು ಕುಡಿಸಿ, ಸಂಜೆಗೆ ಮತ್ತೆ ಅದೇ ಸಾಲಿನಲ್ಲಿ ಪೆಟ್ಟಿಗೆಯನ್ನು ಇಟ್ಟು ಬರುತ್ತಾರೆ.